ಪೈಪಿನ ಮೂತಿಯ ಟ್ರಕ್ಕು

ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲು ಇಳಿಯುವುದರೊಳಗೆ ಯಾರಾದರೊಬ್ಬರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. “ಫ್ಲೋರಿನ್ ಬಾಯಿ, ಆಫ್ರಿಕಾದಲ್ಲಿ ಸಿಂಹ ನೋಡಿದ್ರಾ?” ಇಲ್ಲ ಮಾರಾಯ್ರೇ, ನೋಡಲಿಲ್ಲ. ಆನೆಯನ್ನು ರೈಲಿನಿಂದ ನೋಡಿದೆ. ಅದರ ಕಿವಿ ನಮ್ಮ ಆನೆಯದಕ್ಕಿಂತ ದೊಡ್ಡದು, ಅಷ್ಟೆ. ನಾನು ನೋಡಿ ಬೆಚ್ಚಿಬಿದ್ದದ್ದು ಬೇರೆಯದನ್ನು. ಗಟ್ಟಿಮುಟ್ಟಾದ ಟ್ರಕ್ಕೊಂದರ ಮುಖವನ್ನು ಕೊಯ್ದು ಬಿಸಾಡಿ, ಪೈಪುಗಳಿಂದ ಅದಕ್ಕೆ ಹೊಸ ಮುಖ ಕಟ್ಟಿದ್ದನ್ನು ನೋಡಿದೆ. ಆ ಮುಖದ ಮೇಲೆ ಒಂದು ಕುರ್ಚಿ ಕೂರಿಸಿದ್ದನ್ನು ನೋಡಿದೆ. ಆ ಕುರ್ಚಿಯಲ್ಲಿ ಮೊದಲು ಕೂತವರು ಯಾರು ಎಂಬುದನ್ನು ಅಮ್ಮನಿಗೆ ಈವರೆಗೂ ಸರಿಯಾಗಿ ಹೇಳಿಲ್ಲ. ಈಗ ಬರೆದೇ ಬಿಡುತ್ತೇನೆ. ಇನ್ನು ಮೇಲೆ ಯಾರೂ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಸಿಂಹದ ವಿಚಾರ ಕೇಳಬೇಡಿ.

ನಾನು ಹೊಲಿಗೆಯವಳು. ಬಿಕರ್ನಕಟ್ಟೆಯಿಂದ ನಂತೂರಿಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ಎದುರಿನ ಕೋಣೆಯಲ್ಲಿ ನನ್ನ ಮಿಷನ್ನು. ಮದುವೆಯ ರವಿಕೆ ಹೊಲಿಯುವುದರಲ್ಲಿ ನನಗೆ ಒಳ್ಳೆಯ ಹೆಸರುಂಟು. ಈ ವಿದ್ಯೆಯನ್ನು ಮುಂಬಯಿಯಲ್ಲಿ ಕಲಿತೆ, ಜೊತೆಗೆ ಒಂದಿಷ್ಟು ಹರಕು ಹಿಂದಿಯನ್ನೂ ಕಲಿತೆ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಕತ್ತರಿ ತೋರಿಸುತ್ತೇನೆ.

ನನ್ನ ತಮ್ಮ ಜೆರೋಮ್ ಬಂದರಿನ ಹತ್ತಿರ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತು ಕೆನ್ಯಾಕ್ಕೆ ಹೋದವನು, ಅಲ್ಲೇ ಉಳಿದುಬಿಟ್ಟ. ಅವನಿಗಾಗಿ ನಾವು ಐರಿನ್ ಎಂಬ ಹುಡುಗಿಯನ್ನು ನಿಶ್ಚಯ ಮಾಡಿದ್ದೆವು. ನರ್ಸು, ನಗುಮುಖದ ಹುಡುಗಿ. ‘ಬರುತ್ತೇನೆ, ಬರುತ್ತೇನೆ’ ಎಂದು ಇವನು ಎರಡು ಸಲ ಮದುವೆ ಮುಂದೂಡಿಸಿದ್ದ. ಈ ಸಲ ಐರಿನಳ ತಂದೆ ನಮ್ಮ ಚಾವಡಿಯಲ್ಲಿ ಕೂತು ಖಡಾಖಂಡಿತವಾಗಿ ಹೇಳಿದರು: “ಬೂದಿ ಬುಧವಾರದೊಳಗೆ ಮದುವೆ ಆಗಬೇಕು. ಆಮೇಲೆ ತಪಸ್ಸುಕಾಲ, ಮದುವೆ ಇಲ್ಲ. ಈಸ್ಟರಿನವರೆಗೆ ನಾನು ಕಾಯುದಿಲ್ಲ, ಬೇರೆ ಗಂಡು ನೋಡ್ತೇನೆ.” ಅವರು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿದರು. “ನೀನೇ ಹೋಗು. ಕಿವಿ ಹಿಡಿದು ಕರ್ಕೊಂಡು ಬಾ.”

ಹಾಗೆ ನಾನು ಹಡಗು ಹತ್ತಿದೆ.

ಮೊಂಬಾಸಾ

ಹಡಗಿನಿಂದ ಇಳಿಯುವಾಗ ಧಕ್ಕೆಯ ಹಗ್ಗಕ್ಕೆ ಕಾಲು ಸಿಕ್ಕಿ ಮುಗ್ಗರಿಸಿದೆ. ಹಲಸಿನ ಹಪ್ಪಳದ ಕಟ್ಟು ಒಂದು ಕಡೆ, ನಾನು ಒಂದು ಕಡೆ. ಮೂಟೆ ಹೊತ್ತು ಹೋಗುತ್ತಿದ್ದವನೊಬ್ಬ ನಿಂತು, “ಪೋಲೆ, ಮಮ” ಎಂದ. ಹಾಗೆಂದರೆ, ಪಾಪ ಅಮ್ಮಾ, ನಿಮಗೆ ಹೀಗಾಗಬಾರದಿತ್ತು ಎಂದು. ಅಲ್ಲಿ ಯಾರಿಗೆ ಏನು ತೊಂದರೆಯಾದರೂ ಕಂಡವರು ಈ ಮಾತು ಹೇಳದೆ ಮುಂದೆ ಹೋಗುವುದಿಲ್ಲ. ತಮ್ಮದು ತಪ್ಪಿರಲಿ ಇಲ್ಲದಿರಲಿ, ಪರಿಚಯ ಇರಲಿ ಇಲ್ಲದಿರಲಿ. ನಮ್ಮ ಬಂದರಿನಲ್ಲಿ ಬಿದ್ದು ನೋಡಿ. ಮೊದಲು ನಗುತ್ತಾರೆ, ಆಮೇಲೆ “ಕಣ್ಣು ಕಾಣುದಿಲ್ವಾ?” ಎನ್ನುತ್ತಾರೆ.

ಜನರ ನಡುವಿನಿಂದ ಒಬ್ಬ ಬಂದು “ಅಕ್ಕಾ” ಎಂದು ತಬ್ಬಿಕೊಂಡ. ನಾನು ದೂಡಿಬಿಟ್ಟೆ. ಆ ಮುಖದಲ್ಲಿ ಹುಬ್ಬೇ ಇರಲಿಲ್ಲ! ಕೈಯಲ್ಲಿ ಒಂದು ರೋಮವಿಲ್ಲ, ಬದಲಿಗೆ ಚುಕ್ಕಿಚುಕ್ಕಿ ಸುಟ್ಟ ಗಾಯದ ಗುರುತು. ನಕ್ಕಾಗ ಹಲ್ಲಿನ ಸಂದು ಕಂಡಿತು. ಆಗ ಗೊತ್ತಾಯಿತು, ಇದು ನಮ್ಮ ಜೆರೋಮನೇ.

“ಸಾಯ್ಬಾ ಭೊಗೊಸ್!” ಎಂದೆ. ದೇವರೇ ಕ್ಷಮಿಸು ಎಂದು ನಾವು ಮನೆಯಲ್ಲಿ ಹೇಳುವ ಮಾತು. “ಹುಬ್ಬು ಎಲ್ಲಿ ಮಾರಾಯ? ಹುಬ್ಬಿಲ್ಲದ ಮದುಮಗನನ್ನು ಐರಿನ್ ಹೇಗೆ ಗುರುತು ಹಿಡಿಯುದು?”

“ಬರ್ತದೆ ಅಕ್ಕ, ಕೂದಲಲ್ವಾ. ಒಂದು ಗಾಡಿಯ ಮೂತಿ ಮಾಡುದು ಬಾಕಿ ಉಂಟು. ಅದು ಮುಗಿದ ಕೂಡಲೇ ಹೊರಡುವ. ವಾಪಸು ಹಡಗಿಗೆ ಇನ್ನೂ ದಿನ ಉಂಟು.”

ಗಾಡಿಯ ಮೂತಿ ಎಂದರೆ ಏನೆಂದು ನಾನು ಕೇಳಲಿಲ್ಲ. ಅವನು ಬರುತ್ತಾನೆ ಎಂಬುದೊಂದೇ ನನ್ನ ಕಿವಿಗೆ ಬಿದ್ದದ್ದು.

ಸರ್ದಾರ್ಜಿಯ ಗ್ಯಾರೇಜು

ಜೆರೋಮ್ ಇದ್ದದ್ದು ಒಳನಾಡಿನ ಒಂದು ಸಣ್ಣ ಊರಿನಲ್ಲಿ. ಆ ದೇಶಕ್ಕೆ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ಅಂಗಡಿಗಳ ಮೇಲೆಲ್ಲ ಹೊಸ ಬಾವುಟ. ಬಿಸಿಲು ಉಂಟು, ಆದರೆ ಬೆವರು ಇಲ್ಲ. ಮಂಗಳೂರಿನವಳಿಗೆ ಇದೇ ಒಂದು ಆಶ್ಚರ್ಯ. ಬೆಳಗ್ಗೆ ಉಟ್ಟ ಸೀರೆ ಸಂಜೆಗೂ ಗರಿಗರಿ!

ಗ್ಯಾರೇಜಿನ ಯಜಮಾನ ಒಬ್ಬ ಮುದಿ ಸರ್ದಾರ್ಜಿ. ಎಡಗಾಲು ಸೊಟ್ಟ, ನಡೆಯುವಾಗ ಇಡೀ ಮೈ ಒಂದು ಕಡೆಗೆ ವಾಲುತ್ತಿತ್ತು. “ಬನ್ನಿ ಬಹೆನ್‌ಜಿ” ಎಂದು ಎಣ್ಣೆ ಕೈಯಲ್ಲೇ ನಮಸ್ಕಾರ ಮಾಡಿದರು. ಅವರ ಹಿಂದೆ ಒಂದು ಟ್ರಕ್ಕು ನಿಂತಿತ್ತು. ಯುದ್ಧದ ಕಾಲದ್ದು, ನಾಲ್ಕೂ ಚಕ್ರ ಎಳೆಯುವ ಜಾತಿಯದು, ಹೊಸದಾಗಿ ಹಸಿರು ಬಣ್ಣ ಹೊಡೆದಿತ್ತು. ನಮ್ಮ ಊರಿನಲ್ಲಾದರೆ ಅಂಥ ಗಾಡಿಗೆ ಫಾದರನ್ನು ಕರೆಸಿ ಮಂತ್ರಿಸಿದ ನೀರು ಹಾಕಿಸಿ, ಬಾನೆಟ್ಟಿಗೆ ಹೂವಿನ ಹಾರ ಹಾಕಿ, ಮಕ್ಕಳು ಮುಟ್ಟದಂತೆ ಕಾವಲು ಕೂರುತ್ತಿದ್ದರು. ನಾನು ನೋಡುತ್ತಿದ್ದಂತೆ ಜೆರೋಮ್ ಕಪ್ಪು ಕನ್ನಡಕ ಹಾಕಿದ, ಬೆಂಕಿಯ ನಳಿಕೆ ಹಿಡಿದ, ಟ್ರಕ್ಕಿನ ಮಡ್‌ಗಾರ್ಡನ್ನು ಬುಡದಿಂದ ಕೊಯ್ಯತೊಡಗಿದ.

“ಏ! ಎಂತ ಮಾಡ್ತಿ? ಹುಚ್ಚಾ ನಿಂಗೆ?” ಎಂದು ಕಿರುಚಿದೆ.

ಅವನಿಗೆ ಕೇಳಿಸಲೇ ಇಲ್ಲ. ಎರಡೂ ಮಡ್‌ಗಾರ್ಡು ಬಿತ್ತು. ಬಾನೆಟ್ಟಿನ ಪಕ್ಕದ ತಗಡು ಬಿತ್ತು. ಬಂಪರು ಬಿತ್ತು. ದೀಪಗಳನ್ನು ಕಿತ್ತು ಚೀಲಕ್ಕೆ ಹಾಕಿದರು. ಕೊನೆಗೆ ಉಳಿದದ್ದು ಎಂಜಿನು, ರೇಡಿಯೇಟರು, ಬತ್ತಲೆ ಚಕ್ರ. ಮೂಗು ಕೊಯ್ಸಿಕೊಂಡ ಗಾಡಿಯನ್ನು ನಾನು ಸುತ್ತು ಹಾಕಿ ನೋಡಿದೆ. ಎಲ್ಲರೂ ಚಹಾ ಕುಡಿಯಲು ಹೋದರು, ಏನೂ ಆಗದವರ ಹಾಗೆ.

ಚಹಾ ಕುಡಿಯುತ್ತಾ ಜೆರೋಮ್ ವಿವರಿಸಿದ. ಇದು ಪ್ರಾಣಿ ಹಿಡಿಯುವ ಗಾಡಿ. ಬೇರೆ ದೇಶದ ಮೃಗಾಲಯಗಳಿಗೆ ಜೀಬ್ರಾ, ಜಿರಾಫೆ, ಘೇಂಡಾಮೃಗ ಬೇಕು. ಕೊಂದು ಕಳಿಸುವ ಹಾಗಿಲ್ಲ, ಜೀವಂತ ಹಿಡಿಯಬೇಕು. ಟ್ರಕ್ಕು ಹೊಲವಲ್ಲದ, ರಸ್ತೆಯಲ್ಲದ ಬಯಲಿನಲ್ಲಿ ಪ್ರಾಣಿಯ ಪಕ್ಕಪಕ್ಕಕ್ಕೆ ಓಡಬೇಕು. ತಗಡಿನ ಮೂತಿಯಾದರೆ ಕಲ್ಲಿಗೆ ಬಡಿದು ಮಡಚಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಪೈಪಿನದಾದರೆ ಪೆಟ್ಟು ತಿಂದರೂ ನಿಲ್ಲುತ್ತದೆ.

“ಸರಿ, ಪ್ರಾಣಿಯನ್ನು ಹಿಡಿಯುದು ಹೇಗೆ?”

“ಮೂತಿಯ ಎಡಗಡೆಗೆ ಒಂದು ಕುರ್ಚಿ ಇಡ್ತೇವೆ. ಅದರಲ್ಲಿ ಒಬ್ಬ ಕೂರ್ತಾನೆ, ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಹಗ್ಗದ ಕುಣಿಕೆ.”

ನಾನು ಚಹಾದ ಲೋಟ ಕೆಳಗಿಟ್ಟೆ. “ಎಂಜಿನಿನ ಮುಂದೆಯಾ? ಹೊರಗಡೆ? ಗಾಡಿ ಓಡುವಾಗ?”

“ಮತ್ತೆ? ಗಾಡಿ ನಿಂತಿದ್ರೆ ಜೀಬ್ರಾ ಬಂದು ಕುತ್ತಿಗೆ ಕೊಡ್ತದಾ?”

ಕಾಗದದ ತೋಳು

ಮಾತಿಲ್ಲದೆ ಕೂರುವುದು ನನ್ನಿಂದಾಗದ ಕೆಲಸ. ಕೆಲಸ ಬೇಗ ಮುಗಿದರೆ ಬೇಗ ಹೊರಡಬಹುದು ಎಂಬ ಆಸೆ ಬೇರೆ. ಹಾಗಾಗಿ ದಿನಾ ಗ್ಯಾರೇಜಿಗೆ ಹೋಗಿ ಒಂದು ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದೆ.

ಸರ್ದಾರ್ಜಿ ಪೈಪು ಬಗ್ಗಿಸುವುದನ್ನು ನೋಡಿದಾಗ ಅಡುಗೆಮನೆಯೇ ನೆನಪಾಯಿತು. ದೊಡ್ಡ ಬಾಣಲೆಯಲ್ಲಿ ಮರಳು ಹುರಿಯುತ್ತಿದ್ದರು, ನಾವು ಕಡಲೆ ಹುರಿಯುವ ಹಾಗೆ. ಆ ಒಣ ಮರಳನ್ನು ಪೈಪಿನೊಳಗೆ ತುಂಬಿ, ಕುಟ್ಟಿ, ಎರಡೂ ತುದಿಗೆ ಮರದ ಬೆಣೆ ಹೊಡೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುತ್ತಿದ್ದರು. ಒಳಗೆ ಮರಳು ಇರುವುದರಿಂದ ಪೈಪು ಬಾಗುತ್ತದೆ, ಚಪ್ಪಟೆಯಾಗುವುದಿಲ್ಲ.

ತೊಂದರೆ ಇದ್ದದ್ದು ಜೋಡಿಸುವಲ್ಲಿ. ಒಂದು ಪೈಪಿನ ತುದಿ ಇನ್ನೊಂದು ಪೈಪಿನ ಹೊಟ್ಟೆಗೆ ಹೋಗಿ ಕೂರಬೇಕಾದರೆ ಆ ತುದಿಯನ್ನು ಮೀನಿನ ಬಾಯಿಯ ಆಕಾರಕ್ಕೆ ಕೊಯ್ಯಬೇಕು. ಜೆರೋಮ್ ಅಂದಾಜಿನಲ್ಲಿ ಕೊಯ್ಯುವುದು, ಇಟ್ಟು ನೋಡುವುದು, ಅರ ಹಾಕಿ ಉಜ್ಜುವುದು, ಮತ್ತೆ ಇಟ್ಟು ನೋಡುವುದು. ಒಂದು ತುದಿಗೆ ಅರ್ಧ ದಿನ ಹೋಯಿತು. ಹೀಗೇ ಆದರೆ ನಾವು ಹಡಗು ಹತ್ತಿದ ಹಾಗೆಯೇ ಎಂದು ನನಗೆ ಕುದಿಯತೊಡಗಿತು.

“ಏ ಪುತಾ, ಅದು ತೋಳು ಕೂರಿಸುವ ಲೆಕ್ಕ ಅಲ್ವಾ? ರವಿಕೆಯ ತೋಳು ಬಗಲಿಗೆ ಕೂರುದು ಹೇಗೆ? ಇದೂ ಹಾಗೇ. ಕಾಗದ ಕೊಡು ಇಲ್ಲಿ.”

ಹಳೆಯ ಪೇಪರನ್ನು ಪೈಪಿಗೆ ಸುತ್ತಿ, ಬಿಚ್ಚಿ, ಪೆನ್ಸಿಲಿನಲ್ಲಿ ತೋಳಿನ ಗೆರೆ ಎಳೆದೆ. ಅದನ್ನು ಕತ್ತರಿಸಿ ಪೈಪಿಗೆ ಸುತ್ತಿ, ಅಂಚಿನುದ್ದಕ್ಕೂ ಸೀಮೆಸುಣ್ಣದ ಗುರುತು ಹಾಕಿದ ಜೆರೋಮ್. ಮೊದಲನೆಯದು ಸ್ವಲ್ಪ ಸೊಟ್ಟವಾಯಿತು. ಎರಡನೆಯದು ಹೋಗಿ ಕಚ್ಚಿಕೊಂಡು ಕೂತಿತು. ಸರ್ದಾರ್ಜಿ ಗಡ್ಡ ನೀವಿಕೊಂಡು, “ವಾಹ್ ಬಹೆನ್‌ಜಿ, ಇನ್ನು ಇವನಿಗೆ ರಜೆ ಕೊಟ್ಟು ನಿಮ್ಮನ್ನೇ ಇಟ್ಟುಕೊಳ್ತೇನೆ” ಎಂದರು. ನಾನು ಹಿಗ್ಗಿದೆ. ಎಡಗಡೆಯ ಎಲ್ಲ ಪೈಪಿಗೂ ಕಾಗದ ಕತ್ತರಿಸಿ ಕೊಟ್ಟೆ. ಅವನು ಕೊಯ್ದ, ಬೆಸೆದ. ಬಲಗಡೆಯದನ್ನು ಸರ್ದಾರ್ಜಿ ತಮ್ಮ ಹಳೆಯ ರೀತಿಯಲ್ಲೇ ಮಾಡಿ ಮುಗಿಸಿದರು.

ಸಂಜೆ ಎಲ್ಲರೂ ಹಿಂದೆ ಸರಿದು ನಿಂತು ನೋಡಿದೆವು.

ಮೂತಿ ಸೊಟ್ಟ! ಎಡದವಡೆ ಊದಿದವರ ಮುಖದ ಹಾಗೆ ಎಡಗಡೆ ಹೊರಗೆ ಬಂದಿತ್ತು. ಸರ್ದಾರ್ಜಿ ಟೇಪು ಹಿಡಿದರು. ಎಡಗಡೆ ಒಂದಿಂಚು ಹೆಚ್ಚು.

ನನಗೆ ಒಮ್ಮೆಗೇ ಹೊಳೆಯಿತು. ನಮ್ಮ ಕಡೆ ಮದುವೆಯ ರವಿಕೆ ಹೊಲಿಯುವಾಗ ಒಳಗೆ ಒಂದಿಂಚು ಬಟ್ಟೆ ಮಡಚಿ ಬಿಡುತ್ತೇವೆ. ಮೊದಲ ಹೆರಿಗೆ ಆದ ಮೇಲೆ ಹುಡುಗಿ ಮೈತುಂಬಿಕೊಳ್ಳುತ್ತಾಳೆ, ಆಗ ಬಿಚ್ಚಿ ದೊಡ್ಡದು ಮಾಡಬೇಕಲ್ಲ. ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಗೆರೆಯಿಂದ ಒಂದಿಂಚು ಆಚೆಗೆ ಕತ್ತರಿ ಓಡಿಸಿತ್ತು. ಬಟ್ಟೆಯಾದರೆ ಒಳಗೆ ಮಡಚಬಹುದು. ಪೈಪನ್ನು ಎಲ್ಲಿ ಮಡಚುವುದು?

ಕಾರಣ ಕೇಳಿ ಸರ್ದಾರ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಬಹೆನ್‌ಜಿ, ನನ್ನ ಟ್ರಕ್ಕಿಗೆ ಹೆರಿಗೆ ಯಾವಾಗ?” ಜೆರೋಮ್ ನೆಲದ ಮೇಲೆ ಬಿದ್ದು ಹೊರಳಿ ನಕ್ಕ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆ ಪೈಪು ನೈರೋಬಿಯಿಂದ ಬರಬೇಕು, ಅಷ್ಟು ಸಮಯವಿಲ್ಲ. ಸೊಟ್ಟ ಮೂತಿಯೇ ಇರಲಿ ಎಂದಾಯಿತು.

ಕುರ್ಚಿ

ಕುರ್ಚಿ ಕೂರಿಸಿದ ದಿನ ಒಬ್ಬ ಎತ್ತರದ ಮನುಷ್ಯ ಬಂದ. ಹೆಸರು ಮುತುವಾ. ಕಾಲು ಎಂಥ ಉದ್ದ ಎಂದರೆ, ಅವನು ನಮ್ಮ ಬಸ್ಸಿನ ಸೀಟಿನಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗಬೇಕು. ಎಲ್ಲರಿಗೂ ತಲೆ ಬಾಗಿಸಿ, ಕುರ್ಚಿಯಲ್ಲಿ ಕೂತು, ಹಗ್ಗದ ಕೋಲು ಬೀಸುವವನಂತೆ ಕೈ ಆಡಿಸಿ ನೋಡಿ ಇಳಿದ.

“ಇವ ಹಿಡಿಯುವವ. ನನ್ನ ನಂತರ ಇವನೇ ಕೂರುದು” ಎಂದ ಜೆರೋಮ್.

“ನಿನ್ನ ನಂತರ ಅಂದ್ರೆ?”

ಅವನು ಮಾತು ಮರೆಸಲು ನೋಡಿದ. ನಾನು ಬಿಡಲಿಲ್ಲ. ಆಗ ಬಾಯಿ ಬಿಟ್ಟ. ಸರ್ದಾರ್ಜಿಯ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಉಂಟು. ಕೊನೆಯ ಬೆಸುಗೆ ಹಾಕಿದವನು ಮೊದಲ ಓಟಕ್ಕೆ ಆ ಕುರ್ಚಿಯಲ್ಲಿ ಕೂರಬೇಕು. ಗಾಡಿ ಪ್ರಾಣಿಗಳ ಬೆನ್ನು ಹಿಡಿದು ಬಯಲಲ್ಲಿ ಓಡಿ ಬರಬೇಕು. ಆಮೇಲೆಯೇ ಗಾಡಿ ಗಿರಾಕಿಯ ಕೈಗೆ.

“ಸರ್ದಾರ್ಜಿಯ ಕಾಲು?”

“ಅದೇ ಕುರ್ಚಿಯಲ್ಲಿ ಆದದ್ದು.”

ಅಲ್ಲಿ ಬಿಕರ್ನಕಟ್ಟೆಯಲ್ಲಿ ಅಮ್ಮ ಬಾಲಯೇಸುವಿಗೆ ಮೇಣದ ಬತ್ತಿ ಹಚ್ಚುತ್ತಿದ್ದಾರೆ, ಐರಿನ್ ಸೀರೆ ಆರಿಸುತ್ತಿದ್ದಾಳೆ, ಇವನು ಇಲ್ಲಿ ಕಾಲು ಮುರಿದುಕೊಳ್ಳಲು ಕುರ್ಚಿ ಮಾಡುತ್ತಿದ್ದಾನೆ! ಬಾಯಿಗೆ ಬಂದ ಹಾಗೆ ಬೈದೆ. ಕೊಂಕಣಿಯಲ್ಲಿ ಬೈದೆ, ತುಳುವಿನಲ್ಲಿ ಬೈದೆ, ಸರ್ದಾರ್ಜಿಗೆ ಅರ್ಥವಾಗಲೆಂದು ಹಿಂದಿಯಲ್ಲೂ ಬೈದೆ. ಸರ್ದಾರ್ಜಿ ಎಲ್ಲವನ್ನೂ ಕೇಳಿ, “ಕಟ್ಟಳೆ ಕಟ್ಟಳೆಯೇ, ಬಹೆನ್‌ಜಿ” ಎಂದಷ್ಟೇ ಹೇಳಿ ಒಳಗೆ ಹೋದರು.

“ನೀನು ಕೂರುದಿಲ್ಲ” ಎಂದೆ ತಮ್ಮನಿಗೆ.

“ಮಾಡಿದವ ಕೂರದಿದ್ರೆ ಮತ್ತೆ ಯಾರು ಕೂರುದು ಅಕ್ಕ?” ಎಂದ. ಅವನಿಗೆ ಹೆದರಿಕೆ ಇತ್ತು, ದನಿಯಲ್ಲಿ ಗೊತ್ತಾಗುತ್ತಿತ್ತು. ಆದರೆ ಕೂರುವವನೇ.

ಕೊನೆಯ ಬೆಸುಗೆ

ಮರುದಿನ ಉಳಿದಿದ್ದದ್ದು ಒಂದು ದೀಪದ ಕೊಂಡಿ ಬೆಸೆಯುವ ಕೆಲಸ ಮಾತ್ರ. ಗ್ಯಾಸು ಬರುವುದು ಕಾರ್ಬೈಡ್ ಕಲ್ಲಿಗೆ ನೀರು ಹಾಕಿ, ನಮ್ಮ ಸೈಕಲ್ ದೀಪಕ್ಕೆ ಹಾಕುತ್ತಾರಲ್ಲ, ಅದೇ ಕಲ್ಲು, ಅದೇ ಕೆಟ್ಟ ವಾಸನೆ. ಡಬ್ಬದ ಅಡಿಯಲ್ಲಿ ಒಂದು ಹಿಡಿ ಕಲ್ಲು ಉಳಿದಿತ್ತು. ಹೊಸ ಡಬ್ಬ ಬರುವುದು ನಾಳೆ ಸಂಜೆಯ ರೈಲಿಗೆ. ಗಾಡಿಯ ಓಟ ಅದಕ್ಕೂ ಮೊದಲು, ನಾಳೆ ಬೆಳಗ್ಗೆಯೇ. ಇದನ್ನೆಲ್ಲ ನಾನು ಪೆಟ್ಟಿಗೆಯ ಮೇಲೆ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಜೆರೋಮ್ ಪೈಪಿಗೆ ಬಣ್ಣ ತರಲು ಪೇಟೆಗೆ ಹೋದ. ನಾನು ಸರ್ದಾರ್ಜಿಯ ಹತ್ತಿರ ಹೋಗಿ ಆದಷ್ಟು ಮೆತ್ತಗೆ ಹೇಳಿದೆ: “ಸರ್ದಾರ್ಜಿ, ಊರಿಗೆ ಹೋಗಿ ಹೇಳಿಕೊಳ್ಳಲಿಕ್ಕಾದರೂ ನಾನೂ ಒಂದು ಬೆಸುಗೆಯ ಟಾಕು ಹಾಕ್ಲಾ?”

ಮುದುಕನಿಗೆ ಖುಷಿಯೋ ಖುಷಿ. ಕಪ್ಪು ಕನ್ನಡಕ ನನ್ನ ಮೂಗಿಗೇರಿಸಿ, ನಳಿಕೆ ಕೈಗೆ ಕೊಟ್ಟು, ಮಣಿಕಟ್ಟು ಹಿಡಿದು ತೋರಿಸಿದರು. ಕಬ್ಬಿಣ ಬೆಲ್ಲದ ಪಾಕದ ಹಾಗೆ ಕರಗಿತು. ನನ್ನ ಬೆಸುಗೆ ಬಲು ಚಂದವಿರಲಿಲ್ಲ, ಹೊಸಬರ ಕೈಹೊಲಿಗೆಯಂತೆ ಗಂಟುಗಂಟಾಗಿತ್ತು. ಆದರೆ ಕೊಂಡಿ ಕೂತಿತು. ನಾನು ಕೈ ತೆಗೆಯಲಿಲ್ಲ. ಜ್ವಾಲೆ ಸಣ್ಣದಾಗಿ, ಪುಸ್ಸೆಂದು ಆರುವವರೆಗೂ ಸವರುತ್ತಲೇ ಇದ್ದೆ.

“ಕಲ್ಲು ಮುಗಿಯಿತು” ಎಂದರು ಸರ್ದಾರ್ಜಿ.

“ಹೌದು. ಕೊನೆಯ ಬೆಸುಗೆ ನನ್ನದು. ನಾಳೆ ಕುರ್ಚಿಯಲ್ಲಿ ಕೂರುವವಳು ನಾನು.”

ಅಷ್ಟರಲ್ಲಿ ಜೆರೋಮ್ ಬಂದ, ವಿಷಯ ಕೇಳಿದ, ಬಣ್ಣದ ಡಬ್ಬ ಕೈಯಿಂದ ಜಾರಿತು. ಇನ್ನೊಂದು ಬೆಸುಗೆ ಹಾಕಲು ಓಡಿದ. ಕಾರ್ಬೈಡಿನ ಡಬ್ಬ ಅಲುಗಿಸಿದ, ಖಾಲಿ. ಊರೆಲ್ಲ ಸುತ್ತಿ ಬಂದ, ಎಲ್ಲೂ ಇಲ್ಲ. “ಸರ್ದಾರ್ಜಿ, ಇದು ಲೆಕ್ಕಕ್ಕಿಲ್ಲ ಅಂತ ಹೇಳಿ” ಎಂದು ಗೋಗರೆದ.

ಸರ್ದಾರ್ಜಿ ನನ್ನ ಗಂಟುಗಂಟು ಬೆಸುಗೆಯನ್ನು ಬೆರಳಿನಿಂದ ಸವರಿ ನೋಡಿದರು. ಬೇಡ ಎನ್ನುತ್ತಾರೆಂದು ಕಾದೆ. ನಿಜ ಹೇಳಬೇಕೆಂದರೆ, ಬೇಡ ಎನ್ನಲಿ ಎಂದೇ ಕಾದೆ. ಒಬ್ಬ ಹೆಂಗಸನ್ನು ಕೂರಿಸುವುದಕ್ಕಿಂತ ಕಟ್ಟಳೆಯನ್ನೇ ಬಿಡುತ್ತಾರೆ ಎಂಬುದು ನನ್ನ ಲೆಕ್ಕವಾಗಿತ್ತು.

“ಕಟ್ಟಳೆ ಕಟ್ಟಳೆಯೇ” ಎಂದರು ಅವರು.

ಬಯಲು

ಸೀರೆಯಲ್ಲಿ ಕೂರುವ ಹಾಗಿರಲಿಲ್ಲ. ಜೆರೋಮನ ಒಂದು ಪ್ಯಾಂಟನ್ನು ಕತ್ತರಿಸಿ ನನ್ನ ಅಳತೆಗೆ ಹೊಲಿದುಕೊಂಡೆ. ಬಿಕರ್ನಕಟ್ಟೆಯ ಫ್ಲೋರಿನ್ ಬಾಯಿ ಪ್ಯಾಂಟಿನಲ್ಲಿ! ಕನ್ನಡಿಯಲ್ಲಿ ನೋಡಿಕೊಂಡು ನಾನೇ ಶಿಲುಬೆಯ ಗುರುತು ಹಾಕಿಕೊಂಡೆ. ಗಾಡಿಯ ಯಜಮಾನ ಒಬ್ಬ ಬಿಳಿ ದೊರೆ. ಅವನೇ ಓಡಿಸುವವನು. ನನ್ನನ್ನು ನೋಡಿ ಬಾಯಿಂದ ತಂಬಾಕಿನ ಪೈಪು ತೆಗೆದು, ಸರ್ದಾರ್ಜಿಯ ಕಡೆ ನೋಡಿ, ಮತ್ತೆ ಪೈಪು ಬಾಯಿಗಿಟ್ಟ. ಮುತುವಾ ನನ್ನ ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದ. ಅವನೂ ಜೆರೋಮನೂ ಸರ್ದಾರ್ಜಿಯೂ ಗಾಡಿಯ ಹಿಂಭಾಗಕ್ಕೆ ಹತ್ತಿ ನಿಂತರು.

ನಾನು ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಗದಿದ್ದರೆ ಜಗಳ ಮಾಡುವವಳು. ಮುಂದೆ ಒಂದು ಗಾಜು, ಒಂದು ಬಾನೆಟ್ಟು ಇರಬೇಕು ನನಗೆ. ಇಲ್ಲಿ ನನ್ನ ಮುಂದೆ ಏನೂ ಇಲ್ಲ. ಕಾಲ ಕೆಳಗೆ ಹುಲ್ಲು ಹೊಳೆಯ ಹಾಗೆ ಹರಿಯುತ್ತಿತ್ತು. ಪಕ್ಕದಲ್ಲಿ ಬತ್ತಲೆ ಚಕ್ರ ಗಿರಗಿರ. ಮೊದಲು ದೊರೆ ಮೆಲ್ಲಗೇ ಓಡಿಸುತ್ತಿದ್ದ. ಆಮೇಲೆ ಜೀಬ್ರಾಗಳ ಹಿಂಡು ಕಂಡಿತು. ಅಷ್ಟೇ, ದೊರೆಗೆ ಮುಂದೆ ಒಬ್ಬಳು ಹೆಂಗಸು ಕೂತಿದ್ದಾಳೆಂಬುದೇ ಮರೆತುಹೋಯಿತು. ಟ್ರಕ್ಕು ಹಾರಿತು. ನಾನು ಜಪಮಾಲೆಯನ್ನು ತಲೆಕೆಳಗಾಗಿ ಹೇಳಿದೆ, ಅರ್ಧಕ್ಕೆ ಮರೆತೆ, ಅಮ್ಮಾ ಎಂದೆ. ಒಂದು ಜೀಬ್ರಾ ಕೈಗೆ ಸಿಗುವಷ್ಟು ಹತ್ತಿರ ಓಡುತ್ತಿತ್ತು. ಅದರ ಕಣ್ಣಿನಲ್ಲಿದ್ದ ಗಾಬರಿ ನನ್ನದೇ ಗಾಬರಿ.

ಹುಲ್ಲಿನೊಳಗೆ ಒಂದು ಹುತ್ತ ಇತ್ತು. ನನಗೂ ಕಾಣಲಿಲ್ಲ, ದೊರೆಗೂ ಕಾಣಲಿಲ್ಲ. ಎಡಗಡೆಯ ಮೂತಿ ಹೋಗಿ ಅದಕ್ಕೆ ಬಡಿಯಿತು. ಆ ಸದ್ದು ನನ್ನ ಹಲ್ಲಿನೊಳಗೆ ಇನ್ನೂ ಉಂಟು.

ಗಾಡಿ ನಿಂತಿತು. ಧೂಳು. ನಾಲಗೆ ಕಚ್ಚಿ ಬಾಯಿ ತುಂಬ ರಕ್ತ. ಕಾಲಿನ ಕಡೆ ನೋಡಲು ಧೈರ್ಯವಾಗಲಿಲ್ಲ. ನೋಡಿದಾಗ, ನನ್ನ ಮೊಣಕಾಲಿನ ಮುಂದಿನ ದಪ್ಪ ಪೈಪು ಒಳಗೆ ಬಾಗಿ ಬಂದು ಪ್ಯಾಂಟಿನ ಬಟ್ಟೆಗೆ ತಾಗಿ ನಿಂತಿತ್ತು. ಬಟ್ಟೆಗೆ ಮಾತ್ರ.

ಮೊದಲು ಹಾರಿ ಬಂದವನು ಮುತುವಾ. “ಪೋಲೆ, ಮಮ. ಪೋಲೆ, ಪೋಲೆ” ಎನ್ನುತ್ತಾ ಪಟ್ಟಿ ಬಿಚ್ಚಿ, ನನ್ನನ್ನು ಮಗುವನ್ನೆತ್ತುವಂತೆ ಎತ್ತಿ ಹುಲ್ಲಿನ ಮೇಲೆ ಕೂರಿಸಿದ. ಜೆರೋಮ್ ನನ್ನ ಎರಡೂ ಕಾಲು ಹಿಡಿದುಕೊಂಡು ಹೋ ಎಂದು ಅಳತೊಡಗಿದ. “ಒಂದಿಂಚು ಅಕ್ಕ, ನಿನ್ನ ಒಂದಿಂಚು!” ಎಂದು ಬಿಕ್ಕಿದ. ಪೈಪಿನ ದಪ್ಪದಿಂದ ಉಳಿದದ್ದು ಎಂದರು ಸರ್ದಾರ್ಜಿ. ಅದೃಷ್ಟ ಎಂದ ದೊರೆ. ಬಾಲಯೇಸು ಎಂದೆ ನಾನು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಜೆರೋಮ್ ಎದ್ದು ಆ ಪೈಪನ್ನು ತಟ್ಟಿ ನೋಡಿದ. “ಬೆಸುಗೆ ಬಿಡಲಿಲ್ಲ. ಕಾಯಿಸಿ, ಸುತ್ತಿಗೆಯಲ್ಲಿ ಹೊಡೆದು ನೇರ ಮಾಡಿ ಕೊಡ್ತೇನೆ. ನಾಳೆಯ ರೈಲು ಹಿಡಿದ್ರೆ ಹಡಗು ಸಿಗ್ತದೆ.”

ನನಗೆ ಹೋದ ಜೀವ ಬಂದಂತಾಯಿತು. ನಾನು ಬಂದದ್ದೇ ಅದಕ್ಕಲ್ಲವೇ? ಕಾಲು ಉಳಿಯಿತು, ಕಟ್ಟಳೆ ಮುಗಿಯಿತು, ತಮ್ಮ ಕೈಗೆ ಸಿಕ್ಕಿದ. ಹೊರಡುವ ಎಂದು ಏಳುವಾಗ ಮುತುವಾ ಕುರ್ಚಿ ಹತ್ತಿದ. ಬಾಗಿದ ಪೈಪಿಗೆ ಕಾಲು ತಾಗಿಸದೆ ಕೂರಲು ನೋಡಿದ, ಆಗಲಿಲ್ಲ. ಕಾಲನ್ನು ಪಕ್ಕಕ್ಕೆ ಇಟ್ಟು, ಆ ಪೈಪು ಇರುವ ಜಾಗಕ್ಕೆ ತನ್ನ ಅಂಗೈ ಇಟ್ಟು, ಆಮೇಲೆ ಅದೇ ಅಂಗೈಯನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡ. ಹಾಗೇ ಇಳಿದ.

ನಾನು ಗಿಡ್ಡಿ. ನನ್ನ ಕಾಲು ಕುರ್ಚಿಯಿಂದ ಅಷ್ಟು ಮುಂದೆ ಬರುವುದೇ ಇಲ್ಲ. ಅವನು ಕೂತಿದ್ದರೆ ಆ ಪೈಪು ನಿಂತಿದ್ದ ಜಾಗದಲ್ಲಿ ಅವನ ಮೊಣಕಾಲು ಇರುತ್ತಿತ್ತು.

“ಸರ್ದಾರ್ಜಿ, ಈ ಕಟ್ಟಳೆ ಯಾಕೆ ಮಾಡಿದ್ರಿ?” ಎಂದು ಕೇಳಿದೆ.

ಅವರು ತಮ್ಮ ಸೊಟ್ಟ ಕಾಲು ಚಾಚಿ ಹುಲ್ಲಿನಲ್ಲಿ ಕೂತರು. “ಮೊಟ್ಟಮೊದಲು ಮಾಡಿದ ಗಾಡಿಯಲ್ಲಿ ನಾನು ಕೂರಲಿಲ್ಲ, ಬಹೆನ್‌ಜಿ. ಮಾಡಿ ಕೊಟ್ಟೆ, ಮನೆಗೆ ಹೋದೆ. ಅದರಲ್ಲಿ ಕೂತವನು ಮುತುವಾನ ಅಣ್ಣ. ಅವನು ಮನೆಗೆ ಹೋಗಲಿಲ್ಲ. ಎರಡನೆಯ ಗಾಡಿಯಲ್ಲಿ ನಾನೇ ಕೂತೆ. ಕಾಲು ಹೀಗಾಯಿತು. ಮೂರನೆಯದು ಚೆನ್ನಾಗಿ ಮಾಡಿದೆ.”

ತಮ್ಮ ಒಂದು ದಿನ ಕೂರುತ್ತಾನೆಂದು ನಾನು ಮೂರು ಭಾಷೆಯಲ್ಲಿ ಊರಿಗೆಲ್ಲ ಕೇಳುವ ಹಾಗೆ ಬೈದಿದ್ದೆ. ದಿನಾ ಕೂರುವವನು ನನ್ನ ಕಣ್ಣೆದುರಿಗೇ ಓಡಾಡುತ್ತಿದ್ದ, ನನಗೆ ಸೊಂಟಪಟ್ಟಿ ಬಿಗಿದುಕೊಟ್ಟ, ಇವನಿಗೂ ಒಬ್ಬಳು ಅಕ್ಕ ಇದ್ದಾಳೋ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

“ಜೆರೋಮ್, ಅದನ್ನು ಸುತ್ತಿಗೆಯಲ್ಲಿ ಸರಿ ಮಾಡುದಲ್ಲ. ಎಡಗಡೆ ಇಡೀ ಕೊಯ್ದು ತೆಗಿ. ಹೊಸ ಪೈಪು ತರಿಸು. ಇವನ ಕಾಲಿನ ಅಳತೆ ತೆಗೆದು ಮಾಡು.”

“ಪೈಪು ಬರುವಾಗ ಹಡಗು ಹೋಗಿರ್ತದೆ ಅಕ್ಕ.”

“ಹೋಗ್ಲಿ.”

ಆ ಮಾತು ನನ್ನ ಬಾಯಿಂದ ಬಂತೇ ಎಂದು ನಾನೇ ದಂಗಾದೆ. ಅವನು ಅಂಗಿಯ ಜೇಬಿಗೆ ಕೈ ಹಾಕಿದ. ಅಲ್ಲಿ ಐರಿನಳ ಫೋಟೋ ಇತ್ತು, ಅಂಚು ಸುಟ್ಟುಹೋಗಿತ್ತು. ತೆಗೆಯಲಿಲ್ಲ, ಮೇಲಿಂದಲೇ ಮುಟ್ಟಿ ನೋಡಿಕೊಂಡ. “ಅವಳ ಅಪ್ಪ ಕಾಯುದಿಲ್ಲ ಅಂದಿದ್ದಾರೆ ಅಲ್ವಾ?” ಎಂದ.

“ಅಂದಿದ್ದಾರೆ.”

“ಸರಿ” ಎಂದು ಎದ್ದ. ಗಾಡಿಯ ಹಿಂದಿನಿಂದ ಗರಗಸ ತಂದು, ಅಲ್ಲೇ ಬಯಲಿನಲ್ಲೇ, ಆ ಪೈಪನ್ನು ಕೊಯ್ಯಲು ಶುರುಮಾಡಿದ. ಮುತುವಾ ಇನ್ನೊಂದು ತುದಿ ಹಿಡಿದುಕೊಂಡ.

ನಾನು ಒಬ್ಬಳೇ ಹಡಗು ಹತ್ತಿದೆ. ಅದಕ್ಕೆ ಮೊದಲು, ಮೊಂಬಾಸಾದ ರೈಲು ಹೊರಡುವಾಗ, ಈ ಸಲ ಕೊನೆಯ ಬೆಸುಗೆ ಯಾರದು ಎಂದು ಜೆರೋಮನನ್ನು ಕೇಳಲು ಬಾಯಿ ತೆರೆದೆ. ಅವನು ನಕ್ಕ. ಕೇಳಬೇಕಾದ್ದು ಏನೂ ಇರಲಿಲ್ಲ.

ಬಿಕರ್ನಕಟ್ಟೆ

ಅಮ್ಮ ಗೇಟಿನವರೆಗೆ ಬಂದು ನನ್ನ ಹಿಂದೆ ನೋಡಿದರು, ರಸ್ತೆಯಲ್ಲಿ ನೋಡಿದರು, ರಿಕ್ಷಾದೊಳಗೂ ಬಗ್ಗಿ ನೋಡಿದರು. ಆಮೇಲೆ ನನ್ನ ಹತ್ತಿರ ಮಾತೇ ಬಿಟ್ಟರು. ಗಂಜಿಯ ಬಟ್ಟಲನ್ನು ಟಪ್ಪೆಂದು ಇಡುವುದೊಂದೇ ಮಾತು. ಐರಿನಳ ತಂದೆ ಬಂದರು, ಚಾವಡಿಯಲ್ಲಿ ಕೂರಲಿಲ್ಲ. ಅಂಗಳದಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿ ಹೋದರು. ಬೂದಿ ಬುಧವಾರ ಬಂತು, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆವು. ಒಂದು ದಿನ ಜೆರೋಮನ ತಂತಿ ಬಂತು. ‘ಕೂತು ಬಂದೆ. ಎರಡೂ ಕಾಲು ಉಂಟು.’ ಅಮ್ಮನಿಗೆ ಕಕ್ಕಾಬಿಕ್ಕಿ. “ಯಾಕೆ, ಅವನ ಕಾಲಿಗೆ ಎಂತ ಆಗಿತ್ತು?” ಎಂದು ಕೇಳಲಿಕ್ಕಾದರೂ ನನ್ನ ಹತ್ತಿರ ಮಾತಾಡಿದರು.

ಅದರ ಮರುದಿನ ಐರಿನ್ ಬಂದಳು. ಡ್ಯೂಟಿ ಮುಗಿಸಿ ಬಿಳಿ ಉಡುಪಿನಲ್ಲೇ ಬಂದು ನನ್ನ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಳು. ಬೈಯಲಿ ಎಂದು ನಾನು ಮಿಷನ್ನಿನ ಚಕ್ರ ನಿಲ್ಲಿಸಿ ಕೂತೆ. ಅವಳು ಬೈಯಲಿಲ್ಲ. “ಎಂತ ಆಯ್ತು ಅಂತ ಸರಿಯಾಗಿ ಹೇಳಿ” ಎಂದಳು.

ಎಲ್ಲ ಹೇಳಿದೆ. ಕೊಯ್ದ ಮೂತಿ, ಕಾಗದದ ತೋಳು, ಒಂದಿಂಚು, ಪ್ಯಾಂಟು, ಹುತ್ತ, ಮುತುವಾನ ಅಂಗೈ. ಅಂಚು ಸುಟ್ಟ ಫೋಟೋದ ಮಾತು ಬಂದಾಗ ಅವಳು ಕಿಟಕಿಯ ಕಡೆ ನೋಡಿದಳು. ಹಡಗಿನ ಬಗ್ಗೆ ಕೇಳಲಿಲ್ಲ, ಮದುವೆಯ ಬಗ್ಗೆ ಕೇಳಲಿಲ್ಲ.

“ಆ ಉದ್ದ ಕಾಲಿನವರಿಗೆ ಈಗ ಎಷ್ಟು ಜಾಗ ಬಿಟ್ಟಿದ್ದಾರೆ?”

“ಒಂದು ಗೇಣು ಬಿಡ್ತೇನೆ ಅಂದಿದ್ದ.”

ಅವಳು ಕುರ್ಚಿಯಲ್ಲಿ ಕೂತು, ತನ್ನ ಮೊಣಕಾಲಿನ ಮುಂದೆ ಬೆರಳು ಅಗಲಿಸಿ ಗೇಣು ಹಾಕಿ ನೋಡಿದಳು. ಆಸ್ಪತ್ರೆಯಲ್ಲಿ ಎಂತೆಂಥ ಮೊಣಕಾಲು ನೋಡಿದ್ದಾಳೋ, ಬಹಳ ಹೊತ್ತು ನೋಡಿದಳು.

“ಸಾಕಾಗ್ತದೆ” ಎಂದಳು. ಎದ್ದು ಬಾಗಿಲು ಸರಿಸಿ, ನನ್ನ ಎದುರು ಬಂದು ನಿಂತು, ಎರಡೂ ಕೈಗಳನ್ನು ಪಕ್ಕಕ್ಕೆ ಎತ್ತಿದಳು. “ಅಪ್ಪನಿಗೆ ನಾನು ಹೇಳ್ತೇನೆ. ಅಳತೆ ತೆಗೀರಿ ಅಕ್ಕ, ಈಸ್ಟರಿಗೆ ಮೊದಲು ಹೊಲಿದಾಗಬೇಕಲ್ಲ.”

ನಾನು ಟೇಪು ಹುಡುಕಿದೆ. ಮೇಜಿನ ಮೇಲೆ ಇಲ್ಲ, ಬುಟ್ಟಿಯಲ್ಲಿ ಇಲ್ಲ, ಮಿಷನ್ನಿನ ಖಾನೆಯಲ್ಲೂ ಇಲ್ಲ. ಕೈ ಎತ್ತಿಕೊಂಡೇ ನಿಂತಿದ್ದ ಐರಿನ್ ನಕ್ಕು ತೋರಿಸಿದಳು. ಅದು ನನ್ನ ಕುತ್ತಿಗೆಯಲ್ಲೇ ಇತ್ತು.